ಪೆಟ್ರೋಲ್ ಟ್ಯಾಂಕ್‌ಗಿಂತ ಇವಿ ಬ್ಯಾಟರಿ ಅಪಾಯಕಾರಿಯೇ? ಸಿಕಂದರಾಬಾದ್ ದುರಂತ ಕಲಿಸಿದ್ದೇನು

ಹೈದರಾಬಾದ್: 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದ್‌ನ ಕಟ್ಟಡವೊಂದರ ಕೆಳಭಾಗದಲ್ಲಿದ್ದ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್‌ಗೆ ಬೆಂಕಿ ಬಿತ್ತು. 8 ಮಂದಿ ಪ್ರಾಣ ಕಳೆದುಕೊಂಡರು. ಅವರು ಇದ್ದದ್ದು ಶೋರೂಮ್‌ನಲ್ಲಲ್ಲ, ಮೇಲಿನ ಮಹಡಿಗಳ ಹೋಟೆಲ್‌ನಲ್ಲಿ. ಮೆಟ್ಟಿಲುಗಳ ಮೂಲಕ ಮೇಲೇರಿದ ದಟ್ಟ ಹೊಗೆ ಅವರು ಹೊರಬರುವ ದಾರಿಯನ್ನೇ ಮುಚ್ಚಿತ್ತು. ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರಿಗೆ 'ಬ್ಯಾಟರಿ ಸಿಡಿದರೆ?' ಎಂಬ ಭಯ ಹುಟ್ಟಿಸುವುದು ಇಂಥ ಘಟನೆಗಳೇ.

ಅಂಕಿಅಂಶ ಏನು ಹೇಳುತ್ತದೆ?

ಇವಿಗಳು ಹೆಚ್ಚಿರುವ ಸ್ವೀಡನ್‌ನಲ್ಲಿ ಅಲ್ಲಿನ ನಾಗರಿಕ ತುರ್ತು ಸಂಸ್ಥೆ 2022ರ ಲೆಕ್ಕ ಕೊಟ್ಟಿತ್ತು. ಆ ವರ್ಷ ಬೆಂಕಿಗೆ ಆಹುತಿಯಾದ ಸುಮಾರು 3,400 ಕಾರುಗಳಲ್ಲಿ ಎಲೆಕ್ಟ್ರಿಕ್ ಕಾರುಗಳು 23 ಮಾತ್ರ. ರಸ್ತೆಯಲ್ಲಿರುವ ವಾಹನಗಳ ಪ್ರಮಾಣಕ್ಕೆ ಹೋಲಿಸಿದರೂ ಪೆಟ್ರೋಲ್, ಡೀಸೆಲ್ ಕಾರುಗಳದ್ದೇ ಮೇಲುಗೈ. ಇವಿಗಳು ಇನ್ನೂ ಹೊಸವು, ಹಳೆಯ ಕಾರುಗಳೇ ಹೆಚ್ಚು ಹೊತ್ತಿಕೊಳ್ಳುತ್ತವೆ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನೂರು ವರ್ಷದ ರೂಢಿಯಿಂದ ನಮಗೆ ಅದರ ಭಯ ಹೋಗಿದೆ, ಅಷ್ಟೇ. ಆದರೆ ಪೆಟ್ರೋಲ್ ಬೆಂಕಿಯನ್ನು ನೊರೆ ಹಾಕಿ ಬೇಗ ನಂದಿಸಬಹುದು. ಲಿಥಿಯಂ ಬ್ಯಾಟರಿಯ ರೀತಿಯೇ ಬೇರೆ. ಒಂದು ಸೆಲ್ ಮಿತಿಮೀರಿ ಕಾದರೆ ಪಕ್ಕದ್ದನ್ನು ಕಾಯಿಸುತ್ತದೆ, ಅದು ಮುಂದಿನದನ್ನು. ಜೊತೆಗೆ ವಿಷಾನಿಲ ಹೊರಬರುತ್ತದೆ. ಗಂಟೆಗಟ್ಟಲೆ ನೀರು ಹಾಯಿಸಬೇಕಾಗಬಹುದು. ಆರಿತೆಂದುಕೊಂಡ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು.

ಸ್ಕೂಟರ್ ಬೇರೆ, ಕಾರು ಬೇರೆ

2022ರ ಏಪ್ರಿಲ್‌ನಲ್ಲಿ ತೆಲಂಗಾಣದ ನಿಜಾಮಾಬಾದ್‌ನಲ್ಲಿ ಸ್ಕೂಟರ್‌ನಿಂದ ತೆಗೆದ ಬ್ಯಾಟರಿ ಮನೆಯೊಳಗೆ ಚಾರ್ಜ್ ಆಗುವಾಗ ಸಿಡಿದು 80 ವರ್ಷದ ವೃದ್ಧರೊಬ್ಬರು ಮೃತಪಟ್ಟರು. ಕಾರಿನ ಬ್ಯಾಟರಿಯನ್ನು ಹಾಗೆ ಬಿಚ್ಚಿ ಒಳಗೆ ತರಲಾಗದು. ಅದು ಕಾರಿನ ತಳದಲ್ಲಿ ಲೋಹದ ಪೆಟ್ಟಿಗೆಯೊಳಗೆ ಇರುತ್ತದೆ, ಅದರ ಬಿಸಿಯ ಮೇಲೆ ಎಲೆಕ್ಟ್ರಾನಿಕ್ ನಿಗಾ ಇರುತ್ತದೆ. ನೆಕ್ಸಾನ್ ಇವಿಯಂಥ ಕಾರುಗಳಲ್ಲಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ನಿಕಲ್ ಸೆಲ್‌ಗಳಿಗಿಂತ ಹೆಚ್ಚು ಶಾಖ ತಾಳುತ್ತವೆ. ಬೆಂಕಿ ಪ್ರಕರಣಗಳ ನಂತರ ಕೇಂದ್ರ ಸರ್ಕಾರವೂ ಬ್ಯಾಟರಿ ಸುರಕ್ಷತಾ ಮಾನದಂಡಗಳನ್ನು ಬಿಗಿಗೊಳಿಸಿದೆ.

ಖರ್ಚು, ದೂರದ ಲೆಕ್ಕ

ಲೀಟರ್ ಪೆಟ್ರೋಲ್‌ಗೆ 107 ರೂ., ಮೈಲೇಜ್ 15 ಕಿ.ಮೀ. ಎಂದು ಹಿಡಿದರೆ ಕಿ.ಮೀ.ಗೆ 7 ರೂ. ಬೀಳುತ್ತದೆ. ಯೂನಿಟ್ ವಿದ್ಯುತ್‌ಗೆ 10 ರೂ. ಎಂದು ಹಿಡಿದು, ಒಂದು ಯೂನಿಟ್‌ಗೆ 6 ಕಿ.ಮೀ. ಓಡಿದರೆ 1.70 ರೂ. ಮಾತ್ರ. ತೆಲಂಗಾಣದಲ್ಲಿ ನೋಂದಣಿಯಾಗುವ ಇವಿಗಳಿಗೆ 2024ರ ನವೆಂಬರ್‌ನಿಂದ 2026ರ ಡಿಸೆಂಬರ್ 31ರವರೆಗೆ ರಸ್ತೆ ತೆರಿಗೆಯಲ್ಲೂ ಪೂರ್ಣ ವಿನಾಯಿತಿ ಘೋಷಿಸಲಾಗಿದೆ. ಹೈದರಾಬಾದ್‌ನಿಂದ ಬೀದರ್‌ಗೋ ಕಲಬುರಗಿಗೋ ಒಂದೇ ಚಾರ್ಜ್‌ನಲ್ಲಿ ತಲುಪಬಹುದು. ಸುಮಾರು 570 ಕಿ.ಮೀ. ದೂರದ ಬೆಂಗಳೂರಿಗೆ ಹೊರಟರೆ ಮಾತ್ರ ದಾರಿಯಲ್ಲಿ ಚಾರ್ಜಿಂಗ್‌ಗೆ ನಿಲ್ಲಲೇಬೇಕು, ಪೆಟ್ರೋಲ್ ಬಂಕ್‌ನ ಐದು ನಿಮಿಷ ಅಲ್ಲಿ ಸಾಲದು.

ಅಪಾರ್ಟ್‌ಮೆಂಟ್ ಸೆಲ್ಲಾರ್ ನೋಡಿಕೊಳ್ಳಿ

ಹೈದರಾಬಾದ್‌ನ ಅಪಾರ್ಟ್‌ಮೆಂಟ್‌ಗಳಲ್ಲಿ ಕಾರು ನಿಲ್ಲುವುದು ನೆಲಮಾಳಿಗೆಯಲ್ಲಿ, ಇಲ್ಲಿನವರ ಬಾಯಲ್ಲಿ 'ಸೆಲ್ಲಾರ್'. ಮನೆಯ 15 ಆಂಪಿಯರ್ ಸಾಕೆಟ್‌ನಲ್ಲಿ 40 ಕಿಲೋವ್ಯಾಟ್-ಅವರ್ ಬ್ಯಾಟರಿ ತುಂಬಲು 13-14 ಗಂಟೆ ಬೇಕು. ಅಷ್ಟು ಹೊತ್ತು ಪೂರ್ಣ ಲೋಡ್ ಎಳೆದರೆ ಹಳೆಯ ವೈರ್, ಸಡಿಲ ಪ್ಲಗ್, ಎಕ್ಸ್‌ಟೆನ್ಷನ್ ಬೋರ್ಡ್ ಕಾದು ಕರಗಬಹುದು. ಹೀಗೆ ಬ್ಯಾಟರಿ ಸರಿಯಿದ್ದರೂ ವೈರಿಂಗ್‌ನಿಂದಲೇ ಬೆಂಕಿ ಹುಟ್ಟಬಹುದು.

ಆದ್ದರಿಂದ ಚಾರ್ಜರ್‌ಗೆ ಪ್ರತ್ಯೇಕ ಲೈನ್, ಸರಿಯಾದ ಅರ್ಥಿಂಗ್, ಎಂಸಿಬಿ ಇರಬೇಕು. ಮೀಟರ್‌ನ ಮಂಜೂರಾದ ಲೋಡ್ ಸಾಲುತ್ತದೆಯೇ ಎಂದು ಕಾರು ಬುಕ್ ಮಾಡುವ ಮೊದಲೇ ನೋಡುವುದು ಒಳಿತು. ಸಿಕಂದರಾಬಾದ್ ನೆನಪಿದ್ದರೆ ಮತ್ತೊಂದು: ಚಾರ್ಜರನ್ನು ಮೆಟ್ಟಿಲ ಬುಡದಲ್ಲಾಗಲಿ, ಲಿಫ್ಟ್ ಬಾಗಿಲ ಎದುರಾಗಲಿ ಹಾಕಿಸಬಾರದು. ರ‍್ಯಾಂಪ್ ಬಳಿ, ಗಾಳಿಯಾಡುವ ಕಡೆ ಜಾಗ ಕೊಡುವಂತೆ ಅಸೋಸಿಯೇಷನ್‌ಗೆ ಕೇಳಿ.