ಹ್ಯಾಮಂಡ್ ಆರ್ಗನ್

ಪಾಶ್ಚಾತ್ಯ ಇಗರ್ಜಿಗಳಲ್ಲಿ ಕೊಳವೆಗಳಿಗೆ ಗಾಳಿ ಹಾಯಿಸಿ ನುಡಿಸುವ ಆರ್ಗನ್ ವಾದ್ಯವು ಗೋಡೆಯಷ್ಟು ದೊಡ್ಡದು. ಬೆಲೆಯೂ ಅದಕ್ಕೆ ತಕ್ಕುದು. ಅದಕ್ಕೆ ಬದಲಾಗಿ ಅಮೆರಿಕದ ಷಿಕಾಗೋ ನಗರದ ಗಡಿಯಾರ ತಯಾರಕ ಲಾರೆನ್ಸ್ ಹ್ಯಾಮಂಡನು 1935ರಲ್ಲಿ ವಿದ್ಯುತ್ ಆರ್ಗನ್ನನ್ನು ಮಾರುಕಟ್ಟೆಗೆ ತಂದನು. ಆತ ಸಂಗೀತಗಾರನಲ್ಲವೆಂಬುದು ಗಮನಾರ್ಹ.

ಈ ವಾದ್ಯದ ಒಡಲಲ್ಲಿ ಅಂಚು ಉಬ್ಬುತಗ್ಗಾಗಿರುವ ಲೋಹದ ಪುಟ್ಟ ಚಕ್ರಗಳು ಮೋಟಾರಿನ ಬಲದಿಂದ ತಿರುಗುತ್ತಿರುತ್ತವೆ. ಪ್ರತಿ ಚಕ್ರದ ಬಳಿಯಲ್ಲೂ ತಂತಿ ಸುತ್ತಿದ ಅಯಸ್ಕಾಂತವೊಂದುಂಟು. ಉಬ್ಬು ಸಮೀಪಿಸಿ ಸರಿದಂತೆಲ್ಲ ತಂತಿಯಲ್ಲಿ ವಿದ್ಯುತ್ತು ಏರಿಳಿಯುತ್ತದೆ. ಧ್ವನಿವರ್ಧಕದಲ್ಲಿ ಅದೇ ಸ್ವರವಾಗುತ್ತದೆ. ಸೆಕೆಂಡಿಗೆ 440 ಉಬ್ಬುಗಳು ಹಾದರೆ 440 ಕಂಪನಗಳ ಸ್ವರ.

ಕೀಲಿಯನ್ನು ಒತ್ತಿದಾಗ ವಿದ್ಯುತ್ ಸಂಪರ್ಕ ಏರ್ಪಡುವ 'ಟಕ್' ಎಂಬ ಸದ್ದೂ ಕೇಳಿಸುತ್ತಿತ್ತು. ಹ್ಯಾಮಂಡನ ಎಣಿಕೆಯಲ್ಲಿ ಅದು ದೋಷ. 1950ರ ದಶಕದ ಜಾಸ್ ವಾದಕ ಜಿಮ್ಮಿ ಸ್ಮಿತ್ ಮೊದಲಾದವರ ಕೈಯಲ್ಲಿ ಅದೇ ಲಯಕ್ಕೆ ಒತ್ತಾಯಿತು. ಡಾನ್ ಲೆಸ್ಲಿ ಎಂಬಾತ ರೂಪಿಸಿದ, ಒಳಗೇ ತಿರುಗುತ್ತ ಸ್ವರವನ್ನು ತೂಗಾಡಿಸುವ ಧ್ವನಿವರ್ಧಕವೂ ಹ್ಯಾಮಂಡನಿಗೆ ಹಿಡಿಸಲಿಲ್ಲ. ವಾದಕರು ಅದನ್ನು ಬಿಡಲಿಲ್ಲ. ಸರಿಯಾದ ಕಿವಿ ವಾದಕರದೇ ಎನ್ನಬೇಕು. ಮುಂದೆ ರಾಕ್ ಸಂಗೀತವೂ ಈ ನಾದವನ್ನು ತನ್ನದಾಗಿಸಿಕೊಂಡಿತು.

ಚಕ್ರಗಳ ಆರ್ಗನ್ನಿನ ತಯಾರಿಕೆ 1970ರ ದಶಕದ ನಡುವೆ ನಿಂತಿತು. ಅದನ್ನು ಅನುಕರಿಸುವ ಇಂದಿನ ಡಿಜಿಟಲ್ ವಾದ್ಯಗಳಲ್ಲಿ ಚಕ್ರಗಳಿಲ್ಲ. ಆದರೆ ಆ 'ಟಕ್' ಸದ್ದನ್ನು ಬೇಕೆಂದೇ ಸೇರಿಸಲಾಗುತ್ತದೆ.