ಸೊಂಟನೋವೂ ಚೀನೀ ಸೂಜಿಯೂ

ಪರದೇಶದಲ್ಲಿ ಓದುತ್ತಿರುವವರಿಗೆ ಕಾಯಿಲೆ ಬಂದಾಗ ನೋವಿಗಿಂತ ಮೊದಲು ಕಾಡುವುದು ಖರ್ಚಿನ ಯೋಚನೆ. ಜರ್ಮನಿಯಲ್ಲಿ ನಮ್ಮ ಎರಡನೆಯ ಚಳಿಗಾಲದಲ್ಲಿ ಸೊಂಟ ಹಿಡಿದುಕೊಂಡಾಗ ನಮಗೂ ಹಾಗೆಯೇ ಆಯಿತು. ಅದೃಷ್ಟವಶಾತ್ ಆ ದೇಶದಲ್ಲಿ ಆರೋಗ್ಯವಿಮೆಯಿಲ್ಲದೆ ವಿಶ್ವವಿದ್ಯಾನಿಲಯಕ್ಕೆ ಸೇರುವಂತೆಯೇ ಇಲ್ಲ. ಬಿಸ್ಮಾರ್ಕನು 1883ರಲ್ಲಿ ಕಾರ್ಮಿಕರಿಗಾಗಿ ಕಾನೂನು ಮಾಡಿಸಿದ ಈ ವ್ಯವಸ್ಥೆಯೊಳಗೆ ಇಂದು ವಿದ್ಯಾರ್ಥಿಗಳೂ ಸೇರಿದ್ದಾರೆ. ವೈದ್ಯರನ್ನು ಕಂಡದ್ದಕ್ಕೆ ನಾವು ಕೈಯಿಂದ ಏನನ್ನೂ ಕೊಡಬೇಕಾಗಲಿಲ್ಲ. ಮಾತ್ರೆಗೆ 5 ಯೂರೋ. ಫಿಸಿಯೊಥೆರಪಿಗೆಂದು ಬರೆದ ಚೀಟಿಗೆ 10 ಯೂರೋ ಮತ್ತು ವೆಚ್ಚದ ಹತ್ತನೆಯ ಒಂದು ಪಾಲು ಮಾತ್ರ ನಮ್ಮದು.

ವೈದ್ಯರು ಕಾಲಿನ ಬಲವನ್ನೂ ಸ್ಪರ್ಶಜ್ಞಾನವನ್ನೂ ಪರೀಕ್ಷಿಸಿ, ಮೂತ್ರದ ಹತೋಟಿ ತಪ್ಪಿದೆಯೇ ಎಂದು ಕೇಳಿದರು. ಇದು ಬರಿಯ ವಾಡಿಕೆಯ ಪ್ರಶ್ನೆಯಲ್ಲ. ಕಾಲು ಸೋಲುವುದು, ತೊಡೆಸಂದಿಗೆ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು, ಇವು ಬೆನ್ನೆಲುಬಿನ ಕೆಳಭಾಗದ ನರಗಳ ಗೊಂಚಲು ಅದುಮಿಹೋಗಿರುವ ಸೂಚನೆಯಾಗಿರಬಹುದು. ಆಗ ಒಂದೊಂದು ಗಂಟೆಯೂ ಅಮೂಲ್ಯ. ಬೇರೆ ಪದ್ಧತಿಗಳನ್ನು ಪರೀಕ್ಷಿಸುತ್ತ ಕೂರಲು ಅದು ಕಾಲವಲ್ಲ. ನಮಗೆ ಅಂಥದೇನೂ ಇರಲಿಲ್ಲ. ಮಲಗಿರಬೇಡಿ, ನಡೆದಾಡಿರಿ ಎಂದು ಹೇಳಿ ಕಳುಹಿಸಿದರು.

ನೋವು ಮಾತ್ರ ಬಿಡಲಿಲ್ಲ. ಸಹಪಾಠಿಯೊಬ್ಬರು 'ಹೈಲ್‌ಪ್ರಾಕ್ಟಿಕರ್' ಒಬ್ಬರ ಹೆಸರನ್ನು ಸೂಚಿಸಿದರು. ವೈದ್ಯಪದವಿಯಿಲ್ಲದಿದ್ದರೂ 1939ರ ಕಾನೂನಿನ ಪ್ರಕಾರ ಪರವಾನಗಿ ಪಡೆದು ಚಿಕಿತ್ಸೆ ನಡೆಸುವವರಿಗೆ ಅಲ್ಲಿ ಈ ಹೆಸರು. ಅವರ ಶುಲ್ಕವನ್ನು ಸಾರ್ವಜನಿಕ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ. ನಮ್ಮ ಜೇಬು ಒಪ್ಪಲಿಲ್ಲ. ಆದರೆ ಆರು ತಿಂಗಳಾದರೂ ಮಾಯದ ಸೊಂಟನೋವಿಗೆ ತರಬೇತಿ ಪಡೆದ ವೈದ್ಯರೇ ಮಾಡುವ ಅಕ್ಯುಪಂಕ್ಚರ್, ಅಂದರೆ ಸೂಜಿಚಿಕಿತ್ಸೆಯ ವೆಚ್ಚವನ್ನು ಅದೇ ವಿಮೆ 2007ರಿಂದ ಕೊಡುತ್ತಿದೆಯೆಂದು ತಿಳಿಯಿತು. ಬೇಸಿಗೆಯ ಹೊತ್ತಿಗೆ ನಮ್ಮ ಆರು ತಿಂಗಳೂ ತುಂಬಿದ್ದವು! ಹತ್ತು ಸಲ, ಸುಮಾರು ಅರ್ಧರ್ಧ ಗಂಟೆ, ಕೂದಲಿನಂಥ ಸೂಜಿಗಳನ್ನು ಚುಚ್ಚಿಸಿಕೊಂಡು ಬೋರಲು ಮಲಗಿದೆವು. ನೋವು ಇಳಿಯಿತು. ಚೀನೀ ಸೂಜಿ ಗೆದ್ದಿತೆಂದು ಊರಿಗೆ ಕಾಗದವನ್ನೂ ಬರೆದೆವು.

ವಿಮೆ ಇದಕ್ಕೇಕೆ ಹಣ ಕೊಡುತ್ತದೆಂದು ವಿಚಾರಿಸಹೊರಟಾಗ ನಮ್ಮ ಉತ್ಸಾಹ ತುಸು ತಗ್ಗಿತು. ಜರ್ಮನಿಯಲ್ಲಿಯೇ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬಹುಕಾಲದಿಂದ ಸೊಂಟನೋವಿದ್ದ 1162 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಪಂಗಡಗಳಾಗಿ ವಿಂಗಡಿಸಿದ್ದರು. ಮೊದಲನೆಯ ಪಂಗಡಕ್ಕೆ ಚೀನೀ ಶಾಸ್ತ್ರ ಹೇಳುವ ಬಿಂದುಗಳಲ್ಲಿ ಸೂಜಿ. ಎರಡನೆಯದಕ್ಕೆ ಶಾಸ್ತ್ರದಲ್ಲಿಲ್ಲದ ಸ್ಥಳಗಳಲ್ಲಿ, ಮೇಲುಮೇಲಕ್ಕೆ ಚುಚ್ಚಿದ ಹುಸಿಸೂಜಿ. ಮೂರನೆಯದಕ್ಕೆ ಔಷಧಿ, ವ್ಯಾಯಾಮ ಮೊದಲಾದ ವಾಡಿಕೆಯ ಚಿಕಿತ್ಸೆ. ಆರು ತಿಂಗಳ ಮೇಲೆ ಗುಣ ಕಂಡವರು ಕ್ರಮವಾಗಿ ನೂರಕ್ಕೆ 47.6, 44.2 ಮತ್ತು 27.4.

ಸೂಜಿಯ ಎರಡು ಪಂಗಡಗಳೂ ವಾಡಿಕೆಯ ಚಿಕಿತ್ಸೆಯನ್ನು ಹಿಂದೆ ಹಾಕಿದವು, ನಿಜ. ಆದರೆ ಸರಿಯಾದ ಬಿಂದುವಿಗೂ ತಪ್ಪು ಬಿಂದುವಿಗೂ ನಡುವೆ ಕಂಡ ಅಂತರ, ಕೇವಲ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ಹಾಗಾದರೆ ನೋವನ್ನು ಇಳಿಸಿದ್ದು ಯಾವುದು? ವೈದ್ಯರು ಕೊಟ್ಟ ಗಮನ ಮತ್ತು ಗುಣವಾದೀತೆಂಬ ನಿರೀಕ್ಷೆಗೆ ಇದರಲ್ಲಿ ಪಾಲಿದ್ದಿರಬೇಕು. ನಿರೀಕ್ಷೆಯೆಂದರೆ ಬರಿಯ ಭ್ರಮೆಯಲ್ಲ. 1978ರಲ್ಲಿ ಅಮೆರಿಕದಲ್ಲಿ ಹಲ್ಲು ಕೀಳಿಸಿಕೊಂಡವರಿಗೆ ಹುಸಿಮದ್ದು ಕೊಟ್ಟಾಗ ಕೆಲವರ ನೋವು ಇಳಿಯಿತು. ಅಫೀಮಿನ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಕೊಟ್ಟೊಡನೆ ಅವರ ನೋವು ಮತ್ತೆ ಏರಿತು. ಮಿದುಳು ತಾನೇ ಸ್ರವಿಸುವ, ಅಫೀಮನ್ನು ಹೋಲುವ ಎಂಡಾರ್ಫಿನ್‌ಗಳ ಕೆಲಸ ಇದೆಂದು ಸಂಶೋಧಕರು ತರ್ಕಿಸಿದರು.

ಮೂರನೆಯ ಪಂಗಡದವರಿಗಾದ ನಿರಾಶೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಮಗೆ ಸೂಜಿ ಸಿಗಲಿಲ್ಲವೆಂಬುದು ಅವರಿಗೆ ಗೊತ್ತೇ ಇತ್ತು. ಇನ್ನು ನಮ್ಮ ವಿಷಯದಲ್ಲಿ ಎರಡನೆಯ ಪಂಗಡವೂ ಇರಲಿಲ್ಲ, ಮೂರನೆಯದೂ ಇರಲಿಲ್ಲ. ಸೊಂಟನೋವು ಏರಿಳಿಯುವ ಸ್ವಭಾವದ್ದು. ನಾವು ವೈದ್ಯರ ಬಳಿಗೆ ಓಡುವುದು ಅದು ಏರಿದಾಗ. ಬಳಿಕ ತಾನಾಗಿ ಇಳಿದರೂ ಕೀರ್ತಿ ಸಲ್ಲುವುದು ಆಗ ನಡೆಯುತ್ತಿದ್ದ ಚಿಕಿತ್ಸೆಗೆ.

ಊರಿಗೆ ಇನ್ನೊಂದು ಕಾಗದ ಬರೆದು ಮೊದಲಿನದನ್ನು ತಿದ್ದಿದೆವು. ಮರುವರ್ಷ ನೋವು ಮರಳಿದಾಗ, ಫಿಸಿಯೊಥೆರಪಿಯಲ್ಲಿ ಕಲಿತಿದ್ದ ನಾಲ್ಕು ವ್ಯಾಯಾಮಗಳನ್ನು ಕೋಣೆಯಲ್ಲಿಯೇ ಮಾಡುತ್ತ ಬಂದೆವು. ಅದಕ್ಕೆ ಚೀಟಿಯೂ ಬೇಕಾಗಲಿಲ್ಲ.