ಗಾಡಿಯನ್ನು ಸೋಲಿಸಿದ ಒಂಟೆ

ಏರುತ್ತಿದ್ದ ಬೆಲೆಗಳಿಗೆ ಕಡಿವಾಣ ಹಾಕಲು ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರಿ.ಶ. 301ರಲ್ಲಿ ಉದ್ದನೆಯ ದರಪಟ್ಟಿಯೊಂದನ್ನು ಹೊರಡಿಸಿದ. ಗೋಧಿ, ಮದ್ಯ, ಬಟ್ಟೆ, ಕ್ಷೌರಿಕನ ಕೂಲಿ ಎಲ್ಲಕ್ಕೂ ಅದರಲ್ಲಿ ಗರಿಷ್ಠ ಮಿತಿಯಿತ್ತು. ಸಾಗಾಣಿಕೆಯ ಬಾಡಿಗೆಯೂ ಸೇರಿತ್ತು: 1,200 ಪೌಂಡ್ ತುಂಬಿದ ಗಾಡಿಗೆ ಮೈಲಿಗೆ 20 ಡಿನೇರಿಯಸ್, 600 ಪೌಂಡ್, ಅಂದರೆ ಇಂದಿನ ಸುಮಾರು 195 ಕಿಲೊ ಹೊತ್ತ ಒಂಟೆಗೆ 8. ಒಂದು ಗಾಡಿಯ ಸರಕನ್ನು ಎರಡು ಒಂಟೆಗಳ ಮೇಲೆ ಹೇರಿದರೆ 16 ಡಿನೇರಿಯಸ್‌ಗೆ ಕೆಲಸ ಮುಗಿಯುತ್ತಿತ್ತು. ಐದರಲ್ಲಿ ಒಂದು ಪಾಲು ಉಳಿತಾಯ.

ಮುಂದಿನ ಕೆಲವು ಶತಮಾನಗಳಲ್ಲಿ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಬಹುಭಾಗದಿಂದ ಗಾಡಿಗಳು ಮಾಯವಾದವು. ಹಾಗೆಂದು ಜನ ಚಕ್ರವನ್ನು ಮರೆತಿರಲಿಲ್ಲ. ಕುಂಬಾರನ ತಿಗರಿ ತಿರುಗುತ್ತಲೇ ಇತ್ತು, ನೀರೆತ್ತುವ ರಾಟೆಯೂ ತಿರುಗುತ್ತಿತ್ತು. ರಸ್ತೆಯ ಮೇಲೆ ಮಾತ್ರ ಗಾಲಿಗೆ ಕೆಲಸವಿಲ್ಲದಾಯಿತು.

ಮರುಭೂಮಿಗೆ ಒಂಟೆಯ ಮೈ ಹೇಗೆ ಒಗ್ಗಿದೆಯೆಂಬುದು ಬಹುಮಟ್ಟಿಗೆ ಎಲ್ಲರಿಗೂ ಗೊತ್ತು. ಡುಬ್ಬದಲ್ಲಿರುವುದು ಕೊಬ್ಬು. ಮೈತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ಪ್ರಾಣಿ ತಾಳಿಕೊಳ್ಳುತ್ತದೆ. ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷಗಳಲ್ಲಿ 100 ಲೀಟರ್ ಕುಡಿಯಬಲ್ಲದು. ನೀರಿಲ್ಲದ ದಿನಗಳಲ್ಲಿ ಅದರ ಮೈಬಿಸಿ ನಸುಕಿನಲ್ಲಿ 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಹಗಲು 40 ದಾಟುವುದುಂಟು. ಹೀಗೆ ಮೈ ಕಾಯಲು ಬಿಡುವುದರಿಂದ ಬೆವರಾಗಿ ಹೋಗುವ ನೀರು ಉಳಿಯುತ್ತದೆ.

ಆದರೆ ಇಷ್ಟರಿಂದಲೇ ಒಂಟೆ ವ್ಯಾಪಾರವನ್ನು ಆಳಲಿಲ್ಲ. ಒಂಟಿ ಡುಬ್ಬದ ಒಂಟೆಯನ್ನು ಅರೇಬಿಯಾದ ಜನ ಪಳಗಿಸಿ ಸುಮಾರು 3,000 ವರ್ಷಗಳಾಗಿವೆ. ಕ್ರಿ.ಪೂ. 853ರ ಕರ್ಕರ್ ಯುದ್ಧಕ್ಕೆ ಗಿಂದಿಬು ಎಂಬ ಅರಬ ನಾಯಕ 1,000 ಒಂಟೆಗಳನ್ನು ತಂದಿದ್ದನೆಂದು ಅಸ್ಸೀರಿಯಾದ ಶಾಸನ ಹೇಳುತ್ತದೆ. ತೊಡಕು ಇದ್ದದ್ದು ಡುಬ್ಬದಲ್ಲೇ. ಅದರ ಮೇಲೆ ಹೊರೆ ನಿಲ್ಲದು. ಕ್ರಿ.ಪೂ. 500 ಮತ್ತು 100ರ ನಡುವೆ ಉತ್ತರ ಅರೇಬಿಯಾದವರು ಇದಕ್ಕೊಂದು ಜೀನು ಕಂಡುಕೊಂಡರು. ಡುಬ್ಬದ ಹಿಂದೊಂದು, ಮುಂದೊಂದು ಮರದ ಕಮಾನು. ಎರಡನ್ನೂ ಕೂಡಿಸುವ ಅಡ್ಡಕೋಲುಗಳು. ಭಾರ ಡುಬ್ಬವನ್ನು ಬಿಟ್ಟು ಪಕ್ಕೆಲುಬುಗಳ ಮೇಲೆ ಹಂಚಿಹೋಯಿತು. ಒಂಟೆ ಸಾಕುವವರ ಕೈಗೆ ವ್ಯಾಪಾರದ ಹಿಡಿತ ಬಂದದ್ದು ಈ ಜೀನಿನಿಂದ ಎಂಬುದು ಇತಿಹಾಸಕಾರ ರಿಚರ್ಡ್ ಬುಲಿಯೆಟ್ ಅವರ ವಾದ. ಒಂಟೆ ಮತ್ತು ಗಾಲಿಯ ಈ ಪೈಪೋಟಿಯ ಬಗ್ಗೆ ಅವರು 1975ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಆ ಕಾಲದ ದೊಡ್ಡ ಸರಕು ಧೂಪ. ದಕ್ಷಿಣ ಅರೇಬಿಯಾದ ಫ್ರಾಂಕಿನ್ಸೆನ್ಸ್ ಅಂಟು ಮತ್ತು ನಮ್ಮ ಗುಗ್ಗುಳದ ಕುಲಕ್ಕೇ ಸೇರಿದ ಮಿರ್ ಅಂಟು ಮೆಡಿಟರೇನಿಯನ್ ದೇಗುಲಗಳಲ್ಲಿ ಉರಿಯುತ್ತಿದ್ದವು. ದಕ್ಷಿಣ ಅರೇಬಿಯಾದ ತಿಮ್ನಾ ಪಟ್ಟಣದಿಂದ ಗಾಜಾವರೆಗಿನ ದಾರಿಯನ್ನು ಒಂಟೆಗಳ 65 ತಂಗುದಾಣಗಳಾಗಿ ವಿಂಗಡಿಸಲಾಗಿತ್ತು ಎನ್ನುತ್ತಾನೆ 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ. ಇಲ್ಲಿ ನೀರಿಗೆ, ಅಲ್ಲಿ ಮೇವಿಗೆ, ಇನ್ನೊಂದೆಡೆ ತಂಗಲು, ನಡುನಡುವೆ ಸುಂಕ. ಕಡಲ ತೀರ ಮುಟ್ಟುವ ಹೊತ್ತಿಗೆ ಪ್ರತಿ ಒಂಟೆಗೆ 688 ಡಿನೇರಿಯಸ್ ಖರ್ಚಾಗುತ್ತಿತ್ತಂತೆ. ಪೆಟ್ರಾಕ್ಕೆ ಹೋಗಿಬರುವ ಒಂಟೆಸಾಲುಗಳು ಒಂದು ಸೈನ್ಯದಂತೆಯೇ ಇರುತ್ತಿದ್ದವೆಂದು ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ.

ಭಾರತದ ಸರಕು ರೋಮ್ ತಲುಪಬೇಕಾದರೂ ಒಂಟೆ ಬೇಕಿತ್ತು. ಮಲಬಾರಿನ ಮೆಣಸು ಹೊತ್ತ ಹಡಗು ಈಜಿಪ್ಟಿನ ಬೆರೆನಿಕೆ ಬಂದರಿನಲ್ಲಿ ನಿಂತರೆ, ಮುಂದೆ ನೈಲ್ ದಂಡೆಯ ಕೊಪ್ಟಾಸ್ ಪಟ್ಟಣದವರೆಗೆ ಬೆಂಗಾಡು. ಹನ್ನೆರಡು ದಿನಗಳ ಹಾದಿ. ಬಿಸಿಲಿಗೆ ಅಂಜಿ ಹೆಚ್ಚಾಗಿ ರಾತ್ರಿ ನಡೆದು, ಹಗಲು ನೀರಿನ ಠಾಣೆಗಳಲ್ಲಿ ತಂಗುತ್ತಿದ್ದರು. ಬೆರೆನಿಕೆಯ ದೇಗುಲವೊಂದರಲ್ಲಿ ಪುರಾತತ್ತ್ವಜ್ಞರಿಗೆ ಭಾರತದ ಹರವಿಯೊಂದು ಸಿಕ್ಕಿತು. ಅದರೊಳಗೆ ಸುಮಾರು 7.5 ಕಿಲೊ ಕರಿಮೆಣಸಿತ್ತು. ಕೇರಳದ ಮುಜಿರಿಸ್ ಬಂದರಿನ ವ್ಯಾಪಾರಕ್ಕೆ ಸಂಬಂಧಿಸಿದ 2ನೇ ಶತಮಾನದ ಸಾಲಪತ್ರವೊಂದು ವಿಯೆನ್ನಾದಲ್ಲಿದೆ. ಸರಕನ್ನು ನಂಬಿಕಸ್ಥ ಒಂಟೆಯವನಿಗೆ ಒಪ್ಪಿಸಬೇಕು, ಕಾವಲಿನಲ್ಲಿ ಕೊಪ್ಟಾಸಿಗೆ ಮುಟ್ಟಿಸಿ ಮುದ್ರೆ ಹಾಕಿ ಉಗ್ರಾಣದಲ್ಲಿಡಬೇಕು ಎಂಬ ಕರಾರು ಅದರಲ್ಲಿದೆ.

ಸರ್ಕಾರವೂ ಕೈಚಾಚದೆ ಬಿಡಲಿಲ್ಲ. ಕೊಪ್ಟಾಸಿನಲ್ಲಿ ಸಿಕ್ಕ ಕ್ರಿ.ಶ. 90ರ ಸುಂಕದ ಶಾಸನದಂತೆ ಒಂಟೆಯ ಪರವಾನಗಿ ಚೀಟಿಗೆ ಒಂದು ಒಬೊಲ್ ನಾಣ್ಯ. ಆ ಚೀಟಿಗೆ ಮುದ್ರೆ ಒತ್ತಲು ಎರಡು!

ಗಾಡಿ ಸೋತದ್ದೇಕೆ? ಗಾಡಿಗೆ ಮರ ಬೇಕು, ಬಡಗಿ ಬೇಕು, ಸಮತಟ್ಟಾದ ರಸ್ತೆ ಬೇಕು, ಹಳ್ಳಕ್ಕೆ ಸೇತುವೆ ಬೇಕು. ಒಂಟೆಗೆ ಇದಾವುದೂ ಬೇಡ. ಒಂದರ ಹಿಂದೊಂದು ಕಟ್ಟಿದರೆ ಐದಾರು ಒಂಟೆಗಳನ್ನು ಒಬ್ಬನೇ ನಡೆಸಿಕೊಂಡು ಹೋಗಬಲ್ಲ. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಗಾಡಿರಸ್ತೆ ಬರುವ ಮುನ್ನ ಅಕ್ಕಿ, ಉಪ್ಪು, ಅಡಿಕೆಗಳನ್ನು ಹೇರೆತ್ತುಗಳು ಸಾಗಿಸುತ್ತಿದ್ದುದೂ ಇಂಥದೇ ಲೆಕ್ಕಾಚಾರದಿಂದ. ಗಾಡಿ ಓಡಾಡದ ಮೇಲೆ ಅಗಲ ರಸ್ತೆಯ ಅಗತ್ಯವೂ ಉಳಿಯಲಿಲ್ಲ. ಅರಬ್ ನಾಡುಗಳ ಹಳೆಯ ಪೇಟೆಗಳ ಇಕ್ಕಟ್ಟಾದ ಓಣಿಗಳಿಗೆ ಇದೂ ಒಂದು ಕಾರಣ.

1780ರ ದಶಕದಲ್ಲಿ ಸಿರಿಯಾ ಸುತ್ತಿದ ಫ್ರೆಂಚ್ ಪ್ರವಾಸಿ ವೋಲ್ನೆ, ಇಡೀ ನಾಡಿನಲ್ಲಿ ಒಂದೂ ಗಾಡಿ ಕಾಣಲಿಲ್ಲವೆಂದು ಅಚ್ಚರಿಪಟ್ಟ. ಒಂಟೆಯ ಬೆನ್ನಿನಿಂದ ಹೊರೆ ಇಳಿಸಿದ್ದು ಕೊನೆಗೆ ರೈಲು ಮತ್ತು ಲಾರಿ. ಅದೂ ಪೂರ್ತಿಯಾಗಿ ಅಲ್ಲ: ಮಾಲಿ ದೇಶದ ಟೌಡೆನ್ನಿ ಗಣಿಯ ಉಪ್ಪಿನ ಹಲಗೆಗಳು ಈ ಶತಮಾನದಲ್ಲೂ ಲಾರಿಗಳ ಜೊತೆಗೆ ಒಂಟೆಗಳ ಮೇಲೂ ಟಿಂಬಕ್ಟು ಪೇಟೆಗೆ ಬಂದಿವೆ, ಒಂಟೆಗೆ ನಾಲ್ಕರಂತೆ.